ಪನಾಮಾ ಕಾಲುವೆಗೆ ಎಡಗಡೆಯ ಕ್ಯಾಬಿನ್: ನನ್ನ ಅನುಭವ

ಈ ಸಲ ಹಡಗಿನಲ್ಲಿ ಪನಾಮಾ ಕಾಲುವೆ ದಾಟಲು ನಾನು ಕಳಿಸಿದ ಗುಂಪು ವಾಪಸ್ ಬಂದಿದೆ. ಊಟದ ಬಗ್ಗೆ ದೂರಿದ್ದಾರೆ, ಸೂಟ್‌ಕೇಸ್ ಬಗ್ಗೆ ದೂರಿದ್ದಾರೆ, ಕ್ಯಾಬಿನ್ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಟೂರ್ ನಡೆಸುವವರಿಗೆ ಇದರ ಬೆಲೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ದಾವಣಗೆರೆಯಲ್ಲಿ ಕೂತು ಹಡಗಿನ ರೂಮ್ ನಂಬರ್ ನಾನೇ ಆರಿಸುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಬೆಂಗಳೂರಿನ ಹೋಲ್‌ಸೇಲ್ ಏಜೆಂಟರೊಬ್ಬರು, "ಅಲ್ರೀ, ನಾಲೆ ನೋಡೋಕೆ ನಿಮ್ಮಲ್ಲೇ ಭದ್ರಾ ನಾಲೆ ಇಲ್ವಾ? ಯಾವ ರೂಮಾದ್ರೇನು, ಅವತ್ತು ಎಲ್ರೂ ಮೇಲಿನ ಡೆಕ್‌ಗೆ ಹೋಗಿ ನಿಂತ್ಕೋತಾರೆ ಬಿಡ್ರಿ" ಅಂದಿದ್ದರು.

ವಯಸ್ಸಿನ ಹುಡುಗರಿಗೆ ಅವರ ಮಾತು ಸರಿ. ನನ್ನ ಗಿರಾಕಿಗಳು ಅಂಥವರಲ್ಲ. ರೈಸ್ ಮಿಲ್ ಮಗನಿಗೆ ಬಿಟ್ಟುಕೊಟ್ಟವರು, ಬಟ್ಟೆ ಅಂಗಡಿ ಸಾಹುಕಾರ್ರು, ಚನ್ನಗಿರಿ ಕಡೆಯ ಅಡಿಕೆ ತೋಟದವರು. ಎಲ್ಲರಿಗೂ ಅರವತ್ತು ದಾಟಿದೆ, ಮಂಡಿ ನೋವಿದೆ. ಪನಾಮಾದ ಬಿಸಿಲು ನಮ್ಮ ಬಿಸಿಲಿನ ಹಾಗಲ್ಲ. ಡಿಗ್ರಿ ಲೆಕ್ಕದಲ್ಲಿ ನಮ್ಮ ಏಪ್ರಿಲ್‌ಗಿಂತ ಕಡಿಮೆಯೇ, ಆದರೆ ಬೆವರು ಆರುವುದೇ ಇಲ್ಲ. ಕಾಲುವೆ ದಾಟಲು ಎಂಟರಿಂದ ಹತ್ತು ಗಂಟೆ ಬೇಕು. ಮೇಲೆ ಹೋಗಿ ಒಂದು ಗಂಟೆ ನಿಂತು, ಫೋಟೋ ಹೊಡೆಸಿಕೊಂಡು, ಉಳಿದ ದಿನವೆಲ್ಲ ಎಸಿಯಲ್ಲಿ ಮಲಗುವವರೇ ಹೆಚ್ಚು. ಕಾಲುವೆ ನೋಡಲೆಂದೇ ಲಕ್ಷಗಟ್ಟಲೆ ಕೊಟ್ಟವರು ಅವರು. ಹಾಗಾಗಿ ಅವರು ಕಾಲುವೆ ನೋಡುವುದು ರೂಮಿನಿಂದ. ರೂಮೇ ಸರಿಯಿಲ್ಲದಿದ್ದರೆ ಟೂರೇ ಇಲ್ಲ.

ನಾನು ಮೊದಲು ನೋಡುವುದು ಹಡಗಿನ ಅಗಲ. ಲಾಕ್ ಅಂದರೆ ಬಾಗಿಲಿರುವ ದೊಡ್ಡ ತೊಟ್ಟಿ, ನೀರು ತುಂಬಿಸಿ, ಇಳಿಸಿ ಹಡಗನ್ನು ಮೇಲಕ್ಕೂ ಕೆಳಕ್ಕೂ ಒಯ್ಯುತ್ತಾರೆ. 1914ರಲ್ಲಿ ತೆರೆದ ಹಳೇ ಲಾಕ್‌ಗಳು 33.5 ಮೀಟರ್ ಅಗಲ. ಅದಕ್ಕೆಂದೇ ಅಳತೆ ಹಿಡಿದು ಕಟ್ಟಿದ ಹಡಗು 32.3 ಮೀಟರ್. ಅಂದರೆ ಎರಡೂ ಕಡೆ ಎರಡೆರಡು ಅಡಿ ಸಂದು, ಅಷ್ಟೇ. ಪಕ್ಕದ ಹಳಿ ಮೇಲೆ ಮ್ಯೂಲ್ ಅನ್ನುವ ಎಲೆಕ್ಟ್ರಿಕ್ ಇಂಜಿನ್‌ಗಳು ಉಕ್ಕಿನ ಹಗ್ಗ ಬಿಗಿದು ಹಡಗನ್ನು ನಡುಮಧ್ಯ ಹಿಡಿದಿರುತ್ತವೆ. ಅವು ಹಡಗನ್ನು ಎಳೆಯುತ್ತವೆ ಅಂತ ಎಲ್ಲರೂ ಗಿರಾಕಿಗೆ ಹೇಳುತ್ತಾರೆ. ಎಳೆಯುವುದಿಲ್ಲ, ಹಡಗು ತನ್ನ ಇಂಜಿನ್‌ನಲ್ಲೇ ಹೋಗುತ್ತದೆ. 2016ರಲ್ಲಿ ಶುರುವಾದ ಹೊಸ ಲಾಕ್‌ಗಳು 55 ಮೀಟರ್ ಅಗಲ. ಅಲ್ಲಿ ಮ್ಯೂಲ್ ಇಲ್ಲ, ಹಡಗನ್ನು ಎಳೆದು ತಳ್ಳುವ ಟಗ್ ದೋಣಿಗಳು. ಮಜಾ ಇರುವುದು ಹಳೇ ಲಾಕ್‌ನಲ್ಲೇ ಅಂತ ನನ್ನ ಅಭಿಪ್ರಾಯ. ಅದಕ್ಕೆ ಹೊಸ ದೊಡ್ಡ ಹಡಗಿನ ಆಫರ್ ಎಷ್ಟೇ ಅಗ್ಗಕ್ಕೆ ಬಂದರೂ ನಾನು ಬಿಡುತ್ತೇನೆ.

ಇನ್ನು ಎಡವೋ ಬಲವೋ ಅನ್ನುವುದು. ಜಗಳ ಆಗಿದ್ದೇ ಇಲ್ಲಿ.

ಬೆಂಗಳೂರಿನವರ ವಾದ ಹೀಗೆ: ಹಡಗು ಫ್ಲೋರಿಡಾದಿಂದ ಹೊರಟು ಅಟ್ಲಾಂಟಿಕ್ ಕಡೆಯಿಂದ ಪೆಸಿಫಿಕ್ ಕಡೆಗೆ ಹೋಗುತ್ತದೆ, ಅಂದರೆ ಪಶ್ಚಿಮಕ್ಕೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಎಡಗಡೆ ಉರಿಬಿಸಿಲು, ಬಲಗಡೆ ನೆರಳು. ಆದ್ದರಿಂದ ಸ್ಟಾರ್‌ಬೋರ್ಡ್, ಅಂದರೆ ಬಲಗಡೆ ತಗೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ನಕ್ಷೆ ಬಿಚ್ಚಿ ನೋಡಿ. ಪನಾಮಾ ದೇಶ ಅಡ್ಡಕ್ಕೆ ಮಲಗಿದೆ. ಕಾಲುವೆ ವಾಯವ್ಯದಿಂದ ಆಗ್ನೇಯಕ್ಕೆ ಹೋಗುತ್ತದೆ. ಪೆಸಿಫಿಕ್ ಕಡೆಯ ಬಾಯಿ ಅಟ್ಲಾಂಟಿಕ್ ಬಾಯಿಗಿಂತ ಪೂರ್ವಕ್ಕಿದೆ! ಹಡಗು ಆಗ್ನೇಯಕ್ಕೆ ಮುಖ ಮಾಡಿದರೆ ಎಡಗಡೆ ಈಶಾನ್ಯ. ಬೆಳಗ್ಗೆ ಅಲ್ಲಿಗೆ ಒಂದಿಷ್ಟು ಎಳೆಬಿಸಿಲು ಬೀಳುತ್ತದೆ, ಆಮೇಲೆ ನೆರಳು. ಮಧ್ಯಾಹ್ನದ ಕೆಂಡವೆಲ್ಲ ಬಲಗಡೆಯವರಿಗೆ.

ನೋಡುವ ಜಾಗಗಳೂ ಎಡಕ್ಕೇ ಜಾಸ್ತಿ. ಗುಡ್ಡ ಕಡಿದು ಕಾಲುವೆ ತೆಗೆದ ಕುಲೆಬ್ರಾ ಕಟ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗೋಲ್ಡ್ ಹಿಲ್ ಎಡಕ್ಕೆ. ಪೆಸಿಫಿಕ್ ಕಡೆಯ ಮಿರಾಫ್ಲೋರೆಸ್ ಲಾಕ್‌ನ ವಿಸಿಟರ್ ಸೆಂಟರ್ ಎಡಕ್ಕೆ. ಅಲ್ಲಿ ಗ್ಯಾಲರಿ ತುಂಬ ಜನ ನಿಂತು ಕೈ ಬೀಸುತ್ತಾರೆ. ಕೊನೆಗೆ ಪನಾಮಾ ಸಿಟಿಯ ಎತ್ತರದ ಕಟ್ಟಡಗಳೂ ಎಡಕ್ಕೇ. ಒಂದು ಮಾತ್ರ ನಮ್ಮ ಕೈಲಿಲ್ಲ. ಹಳೇ ಲಾಕ್‌ನಲ್ಲಿ ಎರಡು ಸಾಲು. ಯಾವ ಸಾಲಿಗೆ ಹಾಕುತ್ತಾರೋ ಅವತ್ತೇ ಗೊತ್ತಾಗುವುದು. ಬಲಸಾಲು ಸಿಕ್ಕರೆ ಎಡಗಡೆಯ ರೂಮಿನವರಿಗೆ ಪಕ್ಕದ ಸಾಲಿನ ಹಡಗು ಮೇಲೇಳುವುದು, ಕೆಳಗಿಳಿಯುವುದು ಕಣ್ಣೆದುರೇ ಕಾಣುತ್ತದೆ. ಅದು ಹಣೆಬರಹ, ಗಿರಾಕಿಗೆ ಮಾತು ಕೊಡಬೇಡಿ.

ಆಮೇಲೆ ಎತ್ತರ. ಎಲ್ಲರೂ ಮೇಲಿನ ಡೆಕ್ಕೇ ಕೇಳುತ್ತಾರೆ, ರೇಟೂ ಹಾಗೇ ಏರುತ್ತದೆ. ಅಟ್ಲಾಂಟಿಕ್ ಕಡೆಯ ಗಟುನ್ ಲಾಕ್‌ನಲ್ಲಿ ಮೂರು ಮೆಟ್ಟಿಲಲ್ಲಿ ಹಡಗನ್ನು 26 ಮೀಟರ್ ಎತ್ತುತ್ತಾರೆ. ಮೆಟ್ಟಿಲಿಗೆ ಸುಮಾರು ಎಂಟೂವರೆ ಮೀಟರ್ ಆಯಿತು. ತೀರಾ ಕೆಳಗಿನ ಕ್ಯಾಬಿನ್‌ನವರಿಗೆ ಅರ್ಧ ಹೊತ್ತು ಪಾಚಿ ಹಿಡಿದ ಕಾಂಕ್ರೀಟ್ ಗೋಡೆಯೇ ದರ್ಶನ. ತೀರಾ ಮೇಲಿನವರಿಗೆ ಮ್ಯೂಲ್ ಆಟಿಕೆ ಸಾಮಾನಿನಷ್ಟು ಕಾಣುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥವಾಗಲ್ಲ. ನಮ್ಮ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲೇ ಒಂದು ಲಾಕ್ ಮಾಡಿದೆ. ಥರ್ಮಕೋಲ್ ಹಡಗು, ಅದರ ಪಕ್ಕಕ್ಕೆ ಸ್ಕೆಚ್ ಪೆನ್ನಲ್ಲಿ ಡೆಕ್ ಗೆರೆಗಳು, ಅಡ್ಡಕ್ಕೆ ಒಂದು ಪ್ಲೈವುಡ್ ಬಾಗಿಲು. ಮೊದಲ ದಿನ ಬಾಗಿಲು ಸೋರಿ ನೀರೆಲ್ಲ ತುಳಸಿಕಟ್ಟೆಗೆ ಹೋಯಿತು. ಸೈಕಲ್ ಟ್ಯೂಬ್ ಕತ್ತರಿಸಿ ಅಂಚಿಗೆ ಅಂಟಿಸಿದ ಮೇಲೆ ನಿಂತಿತು. ಮನೆಯವಳು, "ಏನ್ರಿ, ಬಟ್ಟೆ ನೆನೆಹಾಕೋಕೆ ತೊಟ್ಟಿ ಯಾವಾಗ ಬಿಡ್ತೀರಿ?" ಅಂತ ಕೇಳುತ್ತಲೇ ಇದ್ದಳು. ಬುಕಿಂಗ್‌ಗೆ ಬಂದವರನ್ನೆಲ್ಲ ಹಿತ್ತಲಿಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸುತ್ತಿದ್ದೆ. ನೀರು ಏರಿದ ಹಾಗೆ ಯಾವ ಗೆರೆ ಯಾವಾಗ ಗೋಡೆ ದಾಟುತ್ತದೆ ಅಂತ ಅವರೇ ನೋಡಿದರು. ಮೇಲಿನ ಡೆಕ್ಕೇ ಬೇಕು ಅಂತ ಹಟ ಹಿಡಿದಿದ್ದ ಸಾಹುಕಾರ್ರೊಬ್ಬರು ಅಲ್ಲೇ ಮನಸ್ಸು ಬದಲಿಸಿದರು. ಒಬ್ಬರಿಗೆ ಮೂವತ್ತು ಸಾವಿರದ ಹತ್ತಿರ ಉಳಿಯಿತು.

ನನ್ನ ಲೆಕ್ಕ: ಲೈಫ್‌ಬೋಟ್ ಸಾಲಿನಿಂದ ಒಂದು, ಹೆಚ್ಚೆಂದರೆ ಎರಡು ಡೆಕ್ ಮೇಲೆ. ಉದ್ದದಲ್ಲಿ ನಡುವಿನಿಂದ ಸ್ವಲ್ಪ ಹಿಂದಕ್ಕೆ.

ತೀರಾ ಮುಂದಿನ ಕ್ಯಾಬಿನ್ ಬಗ್ಗೆ ಎಲ್ಲರಿಗೂ ಆಸೆ. ನಾನೂ ಒಂದು ಸಲ ಹಾಕಿ ನೋಡಿದ್ದೇನೆ. ಮುಂದೆ ಮುಖ ಮಾಡಿದ ಕಿಟಕಿಗೆ ರಾತ್ರಿ ಪರದೆ ಎಳೆಯಲೇಬೇಕು, ಇಲ್ಲದಿದ್ದರೆ ಹಡಗು ನಡೆಸುವವರ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಸಮುದ್ರದಲ್ಲಿ ಕುಲುಕಾಟ ಅಲ್ಲೇ ಜಾಸ್ತಿ. ಆ ಸಲ ಹೋದ ಅಮ್ಮನವರೊಬ್ಬರು ಕೆರಿಬಿಯನ್‌ನಲ್ಲಿ ಎರಡು ದಿನ ವಾಂತಿ ಮಾಡಿಕೊಂಡು, ಕಾಲುವೆಯ ದಿನ ಎದ್ದು ಕೂರಲೂ ಆಗದೆ ಮಲಗಿದ್ದರು. ಹೇಗೂ ಕಾಲುವೆಯ ದಿನ ಎಷ್ಟೋ ಹಡಗುಗಳಲ್ಲಿ ಮುಂದಿನ ಡೆಕ್ ಎಲ್ಲರಿಗೂ ಬಿಡುತ್ತಾರೆ. ಬೆಳಗ್ಗೆ ಗಟುನ್ ಹೊತ್ತಿಗೆ ಅಲ್ಲಿ ಅರ್ಧ ಗಂಟೆ ನಿಂತು ಬಂದರೆ ಸಾಕು. ಇಷ್ಟು ದೊಡ್ಡ ಹಡಗಿಗೆ ಮೊದಲ ಹಗ್ಗ ಕೊಡಲು ಇಬ್ಬರು ಹುಟ್ಟು ಹಾಕಿಕೊಂಡು ಪುಟ್ಟ ದೋಣಿಯಲ್ಲಿ ಬರುತ್ತಾರೆ. ಅದನ್ನು ಮಾತ್ರ ತಪ್ಪಿಸಬೇಡಿ.

ಹಿಂದೊಂದು ಸಲ ದುಡ್ಡು ಹೋಗಿದ್ದು ಗ್ಯಾರಂಟಿ ಕ್ಯಾಬಿನ್‌ನಲ್ಲಿ. ನಂಬರ್ ನಾವು ಆರಿಸುವ ಹಾಗಿಲ್ಲ, ಕಂಪನಿ ಕೊಟ್ಟಿದ್ದೇ ಪ್ರಸಾದ. ಒಬ್ಬರಿಗೆ ಹನ್ನೆರಡು ಹದಿಮೂರು ಸಾವಿರ ಕಡಿಮೆ ಬೀಳುತ್ತಿತ್ತು, ಪೈಪೋಟಿ ರೇಟ್ ಕೊಡಬೇಕಿತ್ತು, ಒಪ್ಪಿಕೊಂಡೆ. ನಾಲ್ಕು ರೂಮ್ ಬಲಗಡೆ ಬಂದವು. ಎರಡು ಸರಿಯಾಗಿ ಬಫೆಯ ಕೆಳಗೆ. ಬೆಳಗಿನ ಜಾವದಿಂದಲೇ ತಲೆ ಮೇಲೆ ಕುರ್ಚಿ ಎಳೆಯುವ ಸದ್ದು, ರಾತ್ರಿ ಹನ್ನೊಂದರವರೆಗೂ ತಟ್ಟೆ ಟ್ರಾಲಿ. ಊರಿಗೆ ಬಂದ ಮೇಲೆ ಬಾಕಿ ದುಡ್ಡು ತಡೆಹಿಡಿದರು. ಗಲಾಟೆ ಬೇಡ ಅಂತ ನನ್ನ ಕೈಯಿಂದ ನಲವತ್ತು ಸಾವಿರದ ಹತ್ತಿರ ಬಿಟ್ಟೆ. ಹದಿಮೂರು ಸಾವಿರ ಉಳಿಸಲು ಹೋದ ಲೆಕ್ಕ ಇದು.

ಆ ಗಲಾಟೆಯಿಂದ ಹುಟ್ಟಿದ್ದೇ ಓಎಚ್‌ಪಿ ಶೀಟ್ ಉಪಾಯ. ಹಡಗಿನ ಡೆಕ್ ಪ್ಲಾನ್ ಎಲ್ಲರ ಹತ್ತಿರವೂ ಇದೆ, ಎಲ್ಲರೂ ಒಂದೊಂದೇ ಡೆಕ್ ನೋಡುತ್ತಾರೆ. ನಾನು ನಮಗೆ ಬೇಕಾದ ಡೆಕ್, ಅದರ ಮೇಲಿನದು, ಕೆಳಗಿನದು, ಮೂರನ್ನೂ ಒಂದೇ ಅಳತೆಗೆ ಪಾರದರ್ಶಕ ಶೀಟ್‌ನಲ್ಲಿ ಪ್ರಿಂಟ್ ಹಾಕಿಸಿದೆ. ಲಿಫ್ಟ್ ಗುರುತುಗಳು ಒಂದರ ಮೇಲೊಂದು ಕೂರುವ ಹಾಗೆ ಜೋಡಿಸಿ, ಕ್ಲಿಪ್ ಹಾಕಿ, ಟ್ಯೂಬ್‌ಲೈಟ್‌ಗೆ ಹಿಡಿಯುವುದು. ಯಾವ ರೂಮಿನ ತಲೆ ಮೇಲೆ ಅಡುಗೆಮನೆ, ಯಾವುದರ ಕೆಳಗೆ ಥಿಯೇಟರ್ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಮೇಲೂ ಕೆಳಗೂ ರೂಮುಗಳೇ ಇರುವ ಜಾಗಕ್ಕೆ ಕೆಂಪು ಮಾರ್ಕರ್. ಸೆಟ್‌ಗೆ ನೂರು ರೂಪಾಯಿ ಒಳಗೇ ಆಗುತ್ತದೆ. ಜೆರಾಕ್ಸ್ ಅಂಗಡಿ ಹುಡುಗ, "ಅಂಕಲ್, ಅಪಾರ್ಟ್‌ಮೆಂಟ್ ಕಟ್ತಿದ್ದೀರಾ?" ಅಂತ ಕೇಳಿದ್ದ.

ಶೀಟ್‌ನಲ್ಲಿ ಕಾಣದ್ದು ಲೈಫ್‌ಬೋಟ್ ಅಡ್ಡ ಬರುವುದು. ಪ್ಲಾನ್‌ನಲ್ಲಿ ಅಡ್ಡ ಇದೆ ಅಂತ ಗುರುತು ಹಾಕಿರುತ್ತಾರೆ, ಎಷ್ಟು ಅಡ್ಡ ಅಂತ ಹಾಕಿರಲ್ಲ. ಕೆಲವು ರೂಮಿಗೆ ದೋಣಿಯ ನೆತ್ತಿ ಮಾತ್ರ ಕೆಳಗೆ ಕಾಣುತ್ತದೆ, ನೋಟಕ್ಕೆ ಏನೂ ತೊಂದರೆ ಇಲ್ಲ, ರೇಟ್ ಮಾತ್ರ ಕಡಿಮೆ. ಅದಕ್ಕೆ ಹಡಗನ್ನು ಪಕ್ಕದಿಂದ ನೇರವಾಗಿ ತೆಗೆದ ಫೋಟೋ ದೊಡ್ಡದು ಮಾಡಿ, ಹಿಂದಿನ ತುದಿಯಿಂದ ಬಾಲ್ಕನಿ ಎಣಿಸುತ್ತಾ ಬರಬೇಕು. ಕಣ್ಣು ನೋಯುತ್ತದೆ, ಆದರೆ ಅಂಥ ರೂಮ್ ಸಿಕ್ಕರೆ ಲಾಭ. ಯಾವ ಹಡಗಿನ ಯಾವ ನಂಬರ್ ಅಂತ ಬರೆಯಲ್ಲ, ನನ್ನ ಹೊಟ್ಟೆಪಾಡು ಅದೇ. ಬುಕ್ ಆದ ಮೇಲೆ ರೇಟ್ ಇಳಿದರೆ ರೂಮ್ ಬಿಡದೆ ವ್ಯತ್ಯಾಸ ವಾಪಸ್ ಪಡೆಯುವುದಕ್ಕೂ ಒಂದು ಸಮಯ ಇದೆ. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈ ಸಲ ಹತ್ತು ಹನ್ನೊಂದು ರೂಮ್, ಎಲ್ಲವೂ ಎಡಗಡೆ, ಎಲ್ಲವೂ ಬಾಲ್ಕನಿ. ಕಿಟಕಿಯೇ ಇಲ್ಲದ ಇನ್‌ಸೈಡ್ ರೂಮಿಗಿಂತ ಒಬ್ಬರಿಗೆ ಎಪ್ಪತ್ತು ಎಂಬತ್ತು ಸಾವಿರ ಜಾಸ್ತಿ ಬಿತ್ತು. "ಇಷ್ಟು ದುಡ್ಡು ಯಾರು ಕೊಡ್ತಾರ್ರೀ, ನಿಮ್ಮೂರಲ್ಲಿ?" ಅಂದಿದ್ದರು ಬೆಂಗಳೂರಿನವರು. ಕೊಟ್ಟರು. ತೊಟ್ಟಿ ನೋಡಿದ ಮೇಲೆ ಕೊಟ್ಟರು.

ಕಾಲುವೆಯ ದಿನ ಗುಂಪಿನವರು ಡಬ್ಬದಲ್ಲಿ ಒಯ್ದಿದ್ದ ಖಾರ ಮಂಡಕ್ಕಿ ತಿನ್ನುತ್ತಾ ಬಾಲ್ಕನಿ ಬಿಟ್ಟು ಏಳಲೇ ಇಲ್ಲವಂತೆ. ಮಿರಾಫ್ಲೋರೆಸ್‌ನಲ್ಲಿ ಲೈವ್ ಕ್ಯಾಮೆರಾ ಇದೆ, ಯಾರು ಬೇಕಾದರೂ ನೋಡಬಹುದು. ಪನಾಮಾ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ ಮೂರು ಅಂದರೆ ಇಲ್ಲಿ ರಾತ್ರಿ ಒಂದೂವರೆ. ಹಳದಿ ಶಾಲು ಬಾಲ್ಕನಿಗೆ ಕಟ್ಟಿ ಅಂತ ಮೊದಲೇ ಹೇಳಿ ಕಳಿಸಿದ್ದೆ. ಆ ಹೊತ್ತಿನಲ್ಲಿ ದಾವಣಗೆರೆಯ ಪಿಜೆ ಬಡಾವಣೆಯ ಒಂದು ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳು ಎಲ್ಲ ಟಿವಿ ಮುಂದೆ ಕೂತಿದ್ದೆವು. ಹಡಗು ನಿಧಾನಕ್ಕೆ ಬಂತು. ಒಂದು ಹಳದಿ ಚುಕ್ಕೆ. ಫೋನಲ್ಲಿ "ಅಜ್ಜಾ, ಕೈ ಎತ್ತು" ಅಂತ ಹುಡುಗ ಕೂಗಿದ, ಆ ಕಡೆ ಕೈ ಮೇಲೆದ್ದಿತು. ಮಾರನೇ ದಿನ ಆ ಸ್ಕ್ರೀನ್‌ಶಾಟ್ ಅನ್ನು ಬೆಂಗಳೂರಿಗೆ ಕಳಿಸಿದೆ, ಸುಮ್ನೆ, ಏನೂ ಬರೆಯದೆ.

ಎಡಗಡೆ ರೂಮಿಗೆ ಕಷ್ಟವೂ ಇದೆ. ಕಾಲುವೆ ದಾಟಿದ ಮೇಲೆ ಹಡಗು ವಾಯವ್ಯಕ್ಕೆ ತಿರುಗಿ ಮೆಕ್ಸಿಕೋ ಕಡೆ ಹೋಗುತ್ತದೆ. ಆಗ ಎಡಗಡೆಯವರಿಗೆ ಮಧ್ಯಾಹ್ನದ ಬಿಸಿಲು ನೇರ, ಕರಾವಳಿ ಇರುವುದು ಬಲಕ್ಕೆ. ನನ್ನವರು ಆ ದಿನಗಳಲ್ಲಿ ಇಸ್ಪೀಟ್ ಆಡುತ್ತಿದ್ದರು, ನಡೆಯಿತು. ಪೆಸಿಫಿಕ್ ಕಡೆಯಿಂದ ಬರುವ ಹಡಗಾದರೆ ಎಲ್ಲ ಉಲ್ಟಾ, ಬಲಗಡೆ ತಗೊಳ್ಳಿ. ಗಟುನ್ ಲಾಕ್ ಹತ್ತಿ ಅದರಾಚೆಯ ಗಟುನ್ ಕೆರೆಯಲ್ಲೇ ತಿರುಗಿ ವಾಪಸ್ ಬರುವ ಅರ್ಧ ಪ್ರಯಾಣಕ್ಕೆ ಎಡ ಬಲದ ತಲೆನೋವೇ ಇಲ್ಲ. ಅಲ್ಲಿ ಸದ್ದಿಲ್ಲದ ರೂಮ್ ನೋಡಿಕೊಂಡರೆ ಆಯಿತು. ಮತ್ತೆ, ಹಳದಿ ಜ್ವರದ ಲಸಿಕೆ ಹತ್ತು ದಿನ ಮೊದಲೇ ಹಾಕಿಸಿ, ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇಡಿಸಿ. ವಾಪಸ್ ಬರುವಾಗ ನಮ್ಮ ಏರ್‌ಪೋರ್ಟ್‌ನಲ್ಲೇ ಕೇಳುತ್ತಾರೆ.

ಈಗ ಬೆಂಗಳೂರಿನವರೇ ಫೋನ್ ಮಾಡಿ ಸೂಯೆಜ್ ಕಾಲುವೆಗೆ ಯಾವ ಕಡೆ ಅಂತ ಕೇಳುತ್ತಿದ್ದಾರೆ. ಅಲ್ಲಿ ಲಾಕ್ ಇಲ್ಲ, 193 ಕಿಲೋಮೀಟರ್ ಸಮತಟ್ಟು ನೀರು, ತೊಟ್ಟಿ ಕೆಲಸಕ್ಕೆ ಬರಲ್ಲ. ಪೂರ್ವಕ್ಕೆ ಸಿನಾಯ್ ಮರಳು, ಪಶ್ಚಿಮಕ್ಕೆ ಊರು, ಹಸಿರು. ಊರು ನೋಡಬೇಕಾ, ಮಧ್ಯಾಹ್ನದ ನೆರಳು ಬೇಕಾ ಅಂತ ಮೊದಲು ಗಿರಾಕಿಯನ್ನು ಕೇಳಿ ಹೇಳಿ ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.