30ಕ್ಕೂ 31ಕ್ಕೂ ಒಂದೇ ಬಿಟ್ ವ್ಯತ್ಯಾಸ

ಕಾರ್ ರೇಡಿಯೋ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ನನ್ನ ಕೆಲಸ. ತುರ್ತು ಎಚ್ಚರಿಕೆ ಬಂದರೆ ರೇಡಿಯೋ ಏನು ಮಾಡುತ್ತದೆ ಅಂತ ಯಾರಾದರೂ ಕೇಳಿದರೆ, "ಹಾಡು ನಿಲ್ಲಿಸಿ ಎಚ್ಚರಿಕೆ ಕೇಳಿಸುತ್ತದೆ, ಅಷ್ಟೇ" ಅನ್ನುತ್ತಿದ್ದೆ. ಆ ಭಾಗ ನನ್ನ ತಲೆಗೆ ಬಂದ ಮೇಲೆ ಆ ಮಾತು ನಿಂತಿತು.

ಎಫ್‌ಎಂ ಧ್ವನಿಯ ಜೊತೆಗೆ ಆರ್‌ಡಿಎಸ್ ಅನ್ನೋ ಡೇಟಾ ಬರುತ್ತದೆ, ಸೆಕೆಂಡಿಗೆ 1187.5 ಬಿಟ್ (ಬಿಟ್ ಅಂದರೆ ಒಂದು 0 ಅಥವಾ 1). ಸ್ಕ್ರೀನ್ ಮೇಲೆ ಸ್ಟೇಷನ್ ಹೆಸರು ಬರುವುದು ಇದರಿಂದಲೇ. ಇದರಲ್ಲಿ ಪಿಟಿವೈ ಅಂತ 5 ಬಿಟ್‌ನ ಕೋಡ್ ಇದೆ. ಈಗ ಬರುತ್ತಿರುವುದು ಸುದ್ದಿಯೋ, ಹಾಡೋ, ಆಟವೋ ಅಂತ ಅದು ಹೇಳುತ್ತದೆ. 31 ಬಂದರೆ ನಿಜವಾದ ಎಚ್ಚರಿಕೆ. 30 ಬಂದರೆ ಬರೀ ಪರೀಕ್ಷೆ, ಆಗ ರೇಡಿಯೋ ಹಾಡು ನಿಲ್ಲಿಸುವಂತಿಲ್ಲ.

ಒಂದು ದಿನ ಬೆಂಚ್ ಮೇಲೆ ಬ್ಲೂಟೂತ್ ಹಾಡು ಹಾಕಿ, ಸಿಗ್ನಲ್ ಜನರೇಟರ್‌ನಿಂದ 30 ಕಳಿಸುತ್ತಾ ಸಿಗ್ನಲ್ ಇಳಿಸುತ್ತಾ ಹೋದೆ. ಸ್ವಲ್ಪ ಹೊತ್ತಿಗೆ ಹಾಡು ಥಟ್ಟನೆ ನಿಂತು ಸ್ಕ್ರೀನ್ ಮೇಲೆ 'ಅಲಾರ್ಮ್' ಅಂತ ಬಂತು. ಲಾಗ್ ತೆಗೆದು ನೋಡಿದೆ: 11110, 11110, 11111. 11110 ಅಂದರೆ 30, 11111 ಅಂದರೆ 31. ಕೊನೆಯ ಒಂದು ಬಿಟ್ ತಿರುಗಿದೆ, ಅಷ್ಟೇ.

ಆರ್‌ಡಿಎಸ್ ಡೇಟಾ ಗ್ರೂಪ್ ಅನ್ನೋ ಕಂತುಗಳಲ್ಲಿ ಬರುತ್ತದೆ, ಒಂದು ಗ್ರೂಪ್‌ನಲ್ಲಿ 4 ಬ್ಲಾಕ್. ಒಂದೊಂದರಲ್ಲೂ 16 ಬಿಟ್ ವಿಷಯ, ತಪ್ಪು ಹಿಡಿಯೋಕೆ 10 ಬಿಟ್. ಈ ಬಿಟ್ ಓದುವ ಡಿಕೋಡರ್ ಸಣ್ಣಪುಟ್ಟ ತಪ್ಪನ್ನು ತಾನೇ ತಿದ್ದಿ ಕೊಡುತ್ತದೆ. ಸಿಗ್ನಲ್ ತೀರಾ ಹದಗೆಟ್ಟಾಗ ಅದು ತಿದ್ದಿದ್ದೇ ತಪ್ಪಾಗಬಹುದು. ನಮ್ಮ ಕೋಡ್ ಅದನ್ನೂ ಕಣ್ಣು ಮುಚ್ಚಿ ನಂಬುತ್ತಿತ್ತು.

ತಿದ್ದುವ ಅಗತ್ಯವೇ ಬೀಳದ ಬ್ಲಾಕನ್ನು ಮಾತ್ರ ನಂಬೋಣ, 31 ಸತತ ಮೂರು ಗ್ರೂಪ್‌ನಲ್ಲಿ ಬಂದರೆ ಮಾತ್ರ ಹಾಡು ನಿಲ್ಲಿಸೋಣ ಅಂದೆ. ಪಿಟಿವೈ ಪ್ರತಿ ಗ್ರೂಪ್‌ನಲ್ಲೂ ಇರುತ್ತದೆ, ಸೆಕೆಂಡಿಗೆ 11ಕ್ಕೂ ಜಾಸ್ತಿ ಸಲ. ಹಾಗಾಗಿ ತಡವಾಗುವುದು ಕಾಲು ಸೆಕೆಂಡಷ್ಟೇ. ಜೊತೆಯವರೊಬ್ಬರು ಹತ್ತು ಸಲ ನೋಡೋಣ ಅಂತ ಹಠ ಹಿಡಿದರು. "ಸಿಗ್ನಲ್ ಕೆಟ್ಟ ಜಾಗದಲ್ಲಿ ಸತತ ಹತ್ತು ಚೊಕ್ಕ ಗ್ರೂಪ್ ಎಲ್ಲಿ ಸಿಗುತ್ತೆ ಸಾರ್, ಅಸಲಿ ಎಚ್ಚರಿಕೆನೇ ತಪ್ಪಿಹೋಗುತ್ತೆ ಅಲ್ವಾ?" ಅಂದೆ. ಕೊನೆಗೆ ಮೂರಕ್ಕೇ ನಿಂತಿತು.

ವಾಲ್ಯೂಮ್ ಸೊನ್ನೆ ಇದ್ದರೂ ಎಚ್ಚರಿಕೆ ಕೇಳಬೇಕು, ಮುಗಿದ ಮೇಲೆ ಹಳೆಯ ಮಟ್ಟಕ್ಕೆ ಮರಳಬೇಕು. ಇದು ಸುಲಭವಾಗಿ ಸರಿಹೋಯಿತು.

ನನಗೆ ಇಷ್ಟವಾಗದ ವಿಷಯ ಇನ್ನೊಂದಿದೆ. ಬ್ಲೂಟೂತ್ ಹಾಡುವಾಗ ಟ್ಯೂನರ್ ಹಿಂದೆ ಸುಮ್ನೆ ಒಂದು ಸ್ಟೇಷನ್ ಹಿಡಿದು ಕೂತಿರುತ್ತದೆ. ನಾನು ಟೆಸ್ಟ್ ಮಾಡಿದ ಒಂದೇ ಟ್ಯೂನರಿನ ರೇಡಿಯೋದಲ್ಲಿ ಅದು ಕೊನೆಗೆ ಕೇಳಿದ ಸ್ಟೇಷನ್. ಅದು ಎಎಂ ಆಗಿದ್ದರೆ ಆರ್‌ಡಿಎಸ್ ಇಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಎರಡು ಟ್ಯೂನರ್ ಇದ್ದರೆ ಒಂದನ್ನು ಎಫ್‌ಎಂ ಕಾಯಲು ಬಿಡಬಹುದು. ಡ್ರೈವರ್‌ಗೆ ಈ ವ್ಯತ್ಯಾಸವನ್ನು ಯಾರೂ ಹೇಳುವುದಿಲ್ಲ.

ಅಮೆರಿಕದ ತುರ್ತು ಎಚ್ಚರಿಕೆ ವ್ಯವಸ್ಥೆ ಇಎಎಸ್ ಬೇರೆ ಥರ. ಅಲ್ಲಿ ಕರ್ಕಶ ಡೇಟಾ ಸದ್ದು ಮೂರು ಸಲ, ಆಮೇಲೆ 853 ಮತ್ತು 960 ಹರ್ಟ್ಸ್‌ನ ಜೋಡಿ ಸ್ವರ. ಕಾರ್ಯಕ್ರಮ ನಿಲ್ಲಿಸುವುದು ಸ್ಟೇಷನ್. ಸಾಮಾನ್ಯ ಕಾರ್ ರೇಡಿಯೋಗೆ ಅದೂ ಬರೀ ಸದ್ದೇ.

ಸುರಂಗದ ತೊಂದರೆ ಕೊನೆಗೆ ಸಿಕ್ಕಿತು. ಎಚ್ಚರಿಕೆಯ ನಡುವೆ ಸಿಗ್ನಲ್ ಕಡಿದರೆ, ಅದು ಮುಗಿಯಿತು ಅನ್ನುವ ಕೋಡ್ ಬರುವುದೇ ಇಲ್ಲ. ನಮ್ಮ ಮೊದಲ ಆವೃತ್ತಿ ಸ್ಕ್ರೀನ್ ಮೇಲೆ 'ಅಲಾರ್ಮ್' ಇಟ್ಟುಕೊಂಡು ಬುಸ್ ಅಂತ ಕೂತೇ ಇತ್ತು, ನಾನು ಕೈಯಾರೆ ಸೋರ್ಸ್ ಬಟನ್ ಒತ್ತುವವರೆಗೂ. ಈಗ ಅದಕ್ಕೊಂದು ಟೈಮರ್ ಇದೆ.