ಹಿತ್ತಲಿಗೆ ಮೊದಲ ಏರ್ ರೈಫಲ್: ಕಮ್ಮಿ ಪವರಿನದೇ ಸಾಕು ಅಂದಿದ್ದು ಸರಿಯಾಯ್ತು

ಹತ್ತು ಮೀಟರಿನ ಗುರಿ ಕಾರ್ಡಿಗೆ ಐದು ಪೆಲೆಟ್, ಅಂದರೆ ಏರ್ ರೈಫಲ್ಲಿನ ಪುಟ್ಟ ಗುಂಡು. ಐದೂ ತೂತು ಒಂದು ರೂಪಾಯಿ ನಾಣ್ಯ ಇಟ್ಟರೆ ಮುಚ್ಚಿಹೋಗುತ್ತವೆ, ಸುತ್ತ ಇನ್ನೂ ಜಾಗ ಉಳಿಯುತ್ತೆ. ನಡುವಿನಿಂದ ನಡುವಿಗೆ ಅಳೆದರೆ 11 ಮಿ.ಮೀ. ಆಸುಪಾಸು. ಸ್ಕೋಪ್ (ಗುರಿ ನೋಡುವ ದುರ್ಬೀನು) ಇಲ್ಲ, ಓಪನ್ ಸೈಟ್, ಅಂದರೆ ಬ್ಯಾರೆಲ್ ಮೇಲಿನ ಗುರಿಗಚ್ಚು ಅಷ್ಟೇ. ರೈಫಲ್ ಹನ್ನೊಂದೂವರೆ ಸಾವಿರದ್ದು, ಬ್ಯಾರೆಲ್ ಮಡಚಿ ಲೋಡ್ ಮಾಡುವ ಸ್ಪ್ರಿಂಗ್ ರೈಫಲ್, ಪಾಯಿಂಟ್ ಒನ್ ಸೆವೆನ್ ಸೆವೆನ್ ಇಂಚಿನ ಬೋರ್ (ಬ್ಯಾರೆಲ್ಲಿನ ಒಳ ಅಳತೆ), ಎಂಟು ಜೂಲ್ ಶಕ್ತಿಯ ಬಡಪಾಯಿ. "ಅದು ಮಕ್ಕಳ ಆಟಿಕೆ, ಸಾವಿರ ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ ಅನ್ನುವ ವೇಗ) ಇಲ್ಲದ್ದು ತಗೊಂಡ್ರೆ ದುಡ್ಡು ದಂಡ, ಇಲ್ಲಾ ಅಂದ್ರೆ ಸೀದಾ ಪಿಸಿಪಿಗೆ (ಮೊದಲೇ ಗಾಳಿ ತುಂಬಿಸಿಡುವ ರೈಫಲ್ಲಿಗೆ) ಹೋಗಿ" ಎಂದವರಿಗೆಲ್ಲ ಆ ಕಾರ್ಡು ತೋರಿಸಿಯಾಗಿದೆ.

ಆ ಸಾವಿರ ಎಫ್‌ಪಿಎಸ್ ಲೆಕ್ಕವನ್ನೇ ಮೊದಲು ಮುಗಿಸಿಬಿಡೋಣ. ಸಾವಿರ ಅಡಿ ಅಂದರೆ ಸೆಕೆಂಡಿಗೆ 305 ಮೀಟರ್. ಸಾಮಾನ್ಯ ಸೀಸದ ಪೆಲೆಟ್ 0.53 ಗ್ರಾಂ ತೂಗುತ್ತೆ. ಗುಣಿಸಿ ನೋಡಿ, 24 ಜೂಲ್ ದಾಟುತ್ತೆ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ್ದು .177 ಬೋರ್, 20 ಜೂಲಿನೊಳಗೆ. ಹಾಗಾದರೆ ಡಬ್ಬದ ಮೇಲಿನ ಸಾವಿರ ಎಲ್ಲಿಂದ ಬಂತು? ಸೀಸವಲ್ಲದ, 0.33 ಗ್ರಾಮಿನ ಹಗುರ ಪೆಲೆಟ್ ಹಾಕಿದರೆ ಅದೇ ಸಾವಿರಕ್ಕೆ 15 ಜೂಲ್ ಸಾಕು. ಆ ಪೆಲೆಟ್ಟನ್ನು ಆಮೇಲೆ ಯಾರೂ ಬಳಸಲ್ಲ, ಅಂಕಿ ಮಾತ್ರ ಉಳಿಯುತ್ತೆ. ಇನ್ನೊಂದು ಮಾತು: 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ರೈಫಲ್‌ಗಳು ಪೆಲೆಟ್ಟನ್ನು ದಬ್ಬುವುದೇ ಸೆಕೆಂಡಿಗೆ 170 ಮೀಟರ್ ಚಿಲ್ಲರೆ ವೇಗದಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿ.ಮೀ. ನಮ್ಮ ಹಿತ್ತಲಿಗೆ ಅದಕ್ಕಿಂತ ಜಾಸ್ತಿ ಪವರ್ ಯಾಕೆ ಬೇಕು?

ಈ ಬುದ್ಧಿ ಬರುವ ಮುಂಚೆ ಎಂಟು ಸಾವಿರ ನೀರಲ್ಲಿ ಹೋಮ. ಮೊದಲು ಕೊಂಡದ್ದು ಸೆಕೆಂಡ್‌ಹ್ಯಾಂಡ್ ಸ್ಪ್ರಿಂಗ್ ರೈಫಲ್, 35 ಮಾದರಿಯದ್ದು, ನಾಲ್ಕು ಸಾವಿರ. ಚರ್ಮದ ವಾಷರ್ ಒಣಗಿ ಕಟ್ಟಿಗೆ ಆಗಿತ್ತು, ಬ್ಯಾರೆಲ್ ಒಳಗೆ ತುಕ್ಕಿನ ಗುಳಿ. ಆದರೂ 25 ಮಿ.ಮೀ. ಗ್ರೂಪ್ (ಐದು ತೂತುಗಳು ಹರಡಿದ ಅಗಲ) ಕೊಡುತ್ತಿತ್ತು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅಂಗಡಿಯವರ ಮಾತು ಕೇಳಿ ಆರುನೂರು ಕೊಟ್ಟು ಹೆವಿ ಸ್ಪ್ರಿಂಗ್ ಹಾಕಿದ್ದಾಯ್ತು. ವೇಗ ಏರಿದ್ದು ಶೇಕಡ ಏಳೋ ಎಂಟೋ, ಗ್ರೂಪ್ ಅಗಲವಾಗಿದ್ದು 40 ಮಿ.ಮೀ.ಗೆ. ಪೆಲೆಟ್ ಇನ್ನೂ ಬ್ಯಾರೆಲ್ ಒಳಗಿರುವಾಗಲೇ ಪಿಸ್ಟನ್ ಗುದ್ದಿ ವಾಪಸ್ ಚಿಮ್ಮುತ್ತೆ, ರೈಫಲ್ ಕುಲುಕುತ್ತೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಕುಲುಕು ಜಾಸ್ತಿ.

ಅದರ ಮೇಲೆ 2,800ರ ಸ್ಕೋಪು, ಅದನ್ನು ರೈಫಲ್ಲಿಗೆ ಕಚ್ಚಿಸುವ 700ರ ಮೌಂಟು. ಹಿಂದಕ್ಕೂ ಮುಂದಕ್ಕೂ ಒದೆಯುವ ಸ್ಪ್ರಿಂಗ್ ರೈಫಲ್ಲಿನ ಮೇಲೆ ಮಾಮೂಲಿ ಸ್ಕೋಪ್ ಬಾಳಲ್ಲ. ಮುನ್ನೂರು ಶಾಟ್ ಆಗುವಷ್ಟರಲ್ಲಿ ಒಳಗಿನ ಕ್ರಾಸ್ ಗೆರೆ ಓರೆಯಾಯ್ತು. ಅದಕ್ಕೂ ಮುಂಚೆ ಮೌಂಟೇ ಹಳಿ ಮೇಲೆ ಹಿಂದಕ್ಕೆ ಜಾರುತ್ತಿತ್ತು. ಮೇಲಾಗಿ ಆ ಸ್ಕೋಪಿನ ಫೋಕಸ್ ನೂರು ಗಜಕ್ಕೆ ಕಟ್ಟಿದ್ದು, ಹತ್ತು ಮೀಟರಿಗೆ ಮಂಜು ಮಂಜು. ಸ್ಕೋಪ್ ಬೇಕೇಬೇಕು ಅಂದರೆ ಏರ್‌ಗನ್‌ಗೆ ಅಂತಲೇ ಮಾಡಿದ್ದು, ಮುಂದಿನ ಗಾಜು ತಿರುಗಿಸಿ ಹತ್ತು ಮೀಟರಿಗೆ ಇಳಿಸಬಹುದಾದ್ದು, ಜೊತೆಗೆ ಸ್ಟಾಪರ್ ಇರುವ ಮೌಂಟ್. ಆ ದುಡ್ಡನ್ನು ಪೆಲೆಟ್ಟಿಗೆ ಹಾಕಿ ಅನ್ನುವುದು ನನ್ನ ವಾದ.

ಕೊನೆಯ ಮೂರ್ಖತನ ಎಣ್ಣೆ. ಹೊಲಿಗೆ ಮಿಷನ್ ಎಣ್ಣೆ ನಾಲ್ಕು ಹನಿ ಗಾಳಿ ತೂತಿನೊಳಗೆ. ಪಟಾಕಿ ಸದ್ದು, ಬಿಳಿ ಹೊಗೆ, ಪವರ್ ಬಂತು ಅಂತ ಖುಷಿ. ಒಳಗೆ ಎಣ್ಣೆ ಉರಿಯುತ್ತಿದೆ, ಒಂದೊಂದು ಶಾಟೂ ಒಂದೊಂದು ವೇಗ, ಸೀಲ್ ಸುಟ್ಟು ಕರಕಲು.

ಈಗ ಅಂಗಡಿಯಲ್ಲಿ ಏನು ನೋಡಬೇಕು ಅನ್ನುವುದಕ್ಕೆ ಬರೋಣ. ಲಗೇಜು ತೂಗುವ ಕೊಕ್ಕೆ ತಕ್ಕಡಿ ಜೇಬಲ್ಲಿರಲಿ. ಬ್ಯಾರೆಲ್ ತುದಿಗೆ ದಾರದ ಕುಣಿಕೆ ಹಾಕಿ, ತಕ್ಕಡಿ ಸಿಕ್ಕಿಸಿ, ಎಳೆದು ಕಾಕ್ ಮಾಡಿ, ಅಂದರೆ ಬ್ಯಾರೆಲ್ ಮಡಚಿ ಸ್ಪ್ರಿಂಗ್ ಬಿಗಿಯಿರಿ. ನಾನು ಆರಿಸಿದ್ದು 10 ಕೆ.ಜಿ. ಚಿಲ್ಲರೆ. ಹೆವಿ ಸ್ಪ್ರಿಂಗ್ ಹಾಕಿದ್ದ ಹಳೆಯದು 18 ಬಂದಿತ್ತು. ಅದರಲ್ಲಿ ಮೂವತ್ತು ಶಾಟ್ ಆದ ಮೇಲೆ ತೋಳು ನಡುಗುತ್ತೆ, ನಡುಗುವ ತೋಳಿಗೆ ಎಂಥ ಬ್ಯಾರೆಲ್ ಇದ್ದು ಏನು? ಗುರಿ ಕಲಿಯುವುದು ದಿನಕ್ಕೆ ಎಂಬತ್ತು ಶಾಟಿನಲ್ಲಿ, ಹತ್ತರಲ್ಲಿ ಅಲ್ಲ.

ಆಮೇಲೆ ಬ್ಯಾರೆಲ್ ಅರ್ಧ ಮಡಚಿ, ಒಂದು ಕೈಲಿ ಬಿಗಿಯಾಗಿ ಹಿಡಿದುಕೊಂಡೇ ಎಡಕ್ಕೂ ಬಲಕ್ಕೂ ಅಲುಗಿಸಿ. ಕೀಲಿನಲ್ಲಿ ಕಟಕಟ ಅಂದರೆ ಅಲ್ಲೇ ಇಡಿ, ಪ್ರತಿ ಸಲ ಮುಚ್ಚಿದಾಗ ಬ್ಯಾರೆಲ್ ಬೇರೆ ಕಡೆ ಕೂರುತ್ತೆ. ಬ್ಯಾರೆಲ್ ತುದಿಯ ಒಳ ಅಂಚಿನ ಸುತ್ತ ಕಿವಿ ಹತ್ತಿಕಡ್ಡಿ ಆಡಿಸಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಉಳಿದಿದೆ ಅಂತ ಅರ್ಥ. ಪೆಲೆಟ್ ಹೆಬ್ಬೆಟ್ಟಿಗೆ ಸ್ವಲ್ಪ ತಡೆದು ಕೂರಬೇಕು, ತಾನಾಗೇ ಬಿದ್ದುಹೋಗಬಾರದು. ಒಂದು ಶಾಟ್ ಹೊಡೆಯಲು ಬಿಡುವ ಅಂಗಡಿಯಾದರೆ ಬ್ಯಾರೆಲ್ ಕೂಡುವ ಜಾಗದ ಮೇಲೆ ಟಿಶ್ಯೂ ಚೂರು ಇಟ್ಟು ಹೊಡೆಯಿರಿ, ಹಾರಿದರೆ ಸೀಲಿನಲ್ಲಿ ಸೋರಿಕೆ. ಪೆಲೆಟ್ ಇಲ್ಲದೆ ಖಾಲಿ ಹೊಡೆದು ತೋರಿಸುವ ಅಂಗಡಿಯ ಡೆಮೊ ಪೀಸನ್ನು ಮಾತ್ರ ತರಬೇಡಿ, ಗಾಳಿಯ ತಡೆ ಇಲ್ಲದೆ ಪಿಸ್ಟನ್ ಗೋಡೆಗೆ ಗುದ್ದಿ ಗುದ್ದಿ ಸೀಲ್ ಸತ್ತಿರುತ್ತೆ. ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ, ಕೊಡಿ. ಬಿಲ್ಲನ್ನು ರೈಫಲ್ ಚೀಲದಲ್ಲೇ ಇಟ್ಟುಕೊಳ್ಳಿ.

ಪೆಲೆಟ್ ವಿಷಯಕ್ಕೆ ಅರ್ಧ ದಿನ ಮಾತಾಡಬಹುದು. ನಾಲ್ಕು ಥರದ ಡಬ್ಬಿಗೆ ಎರಡೂವರೆ ಸಾವಿರ ಹೋಯಿತು, ಅದರಲ್ಲಿ ಒಂದೇ ಕೆಲಸಕ್ಕೆ ಬಂದದ್ದು. 400 ರೂಪಾಯಿಯ ಜೇಬು ತಕ್ಕಡಿಯಲ್ಲಿ ತೂಗಿದರೆ ಅಗ್ಗದ ಚಪ್ಪಟೆ ತಲೆಯವು 0.48ರಿಂದ 0.58 ಗ್ರಾಂ ತನಕ ಎಲ್ಲೆಲ್ಲೋ. ಆಮದಿನ ದುಂಡು ತಲೆಯವು 0.53ರ ಅಕ್ಕಪಕ್ಕ 0.01ರಲ್ಲೇ. ಅಗ್ಗದ್ದನ್ನು ಹಾಗೇ ಹೊಡೆದರೆ 32 ಮಿ.ಮೀ. ಗ್ರೂಪು, ತೂಗಿ ಬೇರ್ಪಡಿಸಿ ಹೊಡೆದರೆ 19, ಆಮದಿನದು 11. ತೂಗುವಷ್ಟು ತಾಳ್ಮೆ ಇಲ್ಲದವರು ಗಾಜಿನ ತುಂಡನ್ನು ಸ್ವಲ್ಪ ಓರೆ ಇಟ್ಟು ಪೆಲೆಟ್ಟನ್ನು ಉರುಳಿಸಲಿ. ಸರಿಯಿದ್ದದ್ದು ಅಂದವಾದ ಕಮಾನು ಬರೆಯುತ್ತೆ, ಬಾಲ ನೆಗ್ಗಿದ್ದು ಕುಡಿದವನ ಹಾಗೆ ಹೋಗುತ್ತೆ. ತೊಳೆದ ಮೇಲೆ ಪೆಲೆಟ್ಟಿಗೆ ಏನು ಸವರುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹೊಸ ರೈಫಲ್ ಮೊದಲ ಇನ್ನೂರು ಶಾಟ್ ಕಾರ್ಖಾನೆಯ ಗ್ರೀಸನ್ನೇ ಉರಿಸುತ್ತಿರುತ್ತೆ, ಆ ಇನ್ನೂರಕ್ಕೆ ಅಗ್ಗದ್ದೇ ಸಾಕು. ಅದು ಮುಗಿಯುವ ತನಕ ಸೈಟ್ ಮುಟ್ಟಬೇಡಿ.

ಹಿಡಿತ: ಸ್ಪ್ರಿಂಗ್ ರೈಫಲ್ಲನ್ನು ಅಪ್ಪಿ ಹಿಡಿದರೆ ಕೆಟ್ಟಿತು. ಮುಂದಿನ ಕೈಯ ಅಂಗೈ ಬಿಚ್ಚಿ ಅದರ ಮೇಲೆ ಸುಮ್ಮನೆ ಮಲಗಿಸಬೇಕು, ಅದು ಕುಲುಕಿಕೊಳ್ಳಲಿ, ಪ್ರತಿ ಸಲ ಒಂದೇ ಥರ ಕುಲುಕಿದರೆ ಆಯಿತು. ಅಂಗೈ ಎಲ್ಲಿರಬೇಕು ಅನ್ನುವುದನ್ನು ಒಂದೊಂದು ಸೆಂಟಿಮೀಟರ್ ಸರಿಸಿ, ಜಾಗಕ್ಕೆ ಐದೈದು ಹೊಡೆದು ನೀವೇ ಕಂಡುಕೊಳ್ಳಿ. ನನ್ನ ಜಾಗ ಹೇಳಲ್ಲ, ಹೇಳಿದರೂ ನಿಮ್ಮ ರೈಫಲ್ಲಿಗೆ ಆಗಿಬರಲ್ಲ. ಗ್ರೂಪ್ ಇದ್ದಕ್ಕಿದ್ದಂತೆ ಕೆಟ್ಟರೆ ಸೈಟ್ ತಿರುವುವ ಮೊದಲು ಸ್ಟಾಕಿನ (ಭುಜಕ್ಕೆ ಕೊಡುವ ಹಿಡಿಯ ಭಾಗದ) ಸ್ಕ್ರೂ ನೋಡಿ, ಹತ್ತರಲ್ಲಿ ಎಂಟು ಸಲ ಅದೇ ಸಡಿಲ. ಓಪನ್ ಸೈಟಿಗೆ ಬೆಳಕಿನ ಕಾಟವೂ ಉಂಟು. ಬೆಳಗಿನ ಬಿಸಿಲಿಗೂ ಸಂಜೆಯ ಬಿಸಿಲಿಗೂ ಐದಾರು ಮಿ.ಮೀ. ಪಕ್ಕಕ್ಕೆ ಸರಿಯುತ್ತೆ. ಶುರುವಿಗೆ ರೈಫಲ್ ಕಾರ್ಡು ಬೇಡ, 10 ಮೀಟರ್ ಪಿಸ್ತೂಲಿನ ಕಾರ್ಡು ಹಾಕಿ. ಅದರ ಕಪ್ಪು ದೊಡ್ಡದು, ಹತ್ತರ ವೃತ್ತ 11.5 ಮಿ.ಮೀ.

ಜಾಗದ ಸಮಸ್ಯೆ ಎಲ್ಲರಿಗೂ ಇದ್ದದ್ದೇ. 30×40 ಸೈಟಿನಲ್ಲಿ ಹಿತ್ತಲು ಅಂತ ಉಳಿಯುವುದು ಬಟ್ಟೆ ಒಣಗಿಸುವಷ್ಟು. ಮನೆಯ ಪಕ್ಕದ ಮೂರಡಿ ಓಣಿಯನ್ನೇ ಉದ್ದಕ್ಕೆ ಬಳಸಿದರೆ 33 ಅಡಿ, ಅಂದರೆ ಹತ್ತು ಮೀಟರ್ ದಕ್ಕುತ್ತೆ. ಓಣಿಗೆ ತೆರೆಯುವ ಬಾಗಿಲಿಗೆ ಒಳಗಿಂದ ಚಿಲಕ ಬಿದ್ದ ಮೇಲೇ ಮೊದಲ ಪೆಲೆಟ್. ಹಿಂದೆ ಗೋಡೆ ಇರಲೇಬೇಕು. ಎಂಟು ಜೂಲಿನದೂ ಬಯಲಲ್ಲಿ ಇನ್ನೂರು ಮೀಟರ್ ಆಚೆಗೆ ಹೋಗಿ ಬೀಳುತ್ತೆ.

ಟ್ರ್ಯಾಪಿಗೆ, ಅಂದರೆ ಗುರಿಯ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆಗೆ, ಬರೀ ಪ್ಲೈವುಡ್ ಇಟ್ಟರೆ ಪೆಲೆಟ್ ವಾಪಸ್ ಹಣೆಗೇ ಬರುತ್ತೆ. ಕನ್ನಡಕ ಹಾಕಿದ್ದಕ್ಕೆ ಬಚಾವು. ನೆಟ್ಟಗೆ ನಿಲ್ಲಿಸಿದ ಕಬ್ಬಿಣದ ತಗಡಿಗೆ ಸೀಸ ಚೂರಾಗಿ ಸಿಡಿಯುತ್ತೆ. ಜೇಡಿಮಣ್ಣು ಬೇಸಿಗೆಯಲ್ಲಿ ಬಿರುಕು. ಕಡಲೆಕಾಯಿ ಎಣ್ಣೆಯಲ್ಲಿ ಕಲಸಿ ನೋಡಿದ್ದಾಯ್ತು, ಬೀದಿಯ ಇರುವೆಗಳೆಲ್ಲ ಅಲ್ಲೇ. ಹಳೆಯ ಗೇರ್ ಎಣ್ಣೆಯಲ್ಲಿ ಕಲಸಿದ್ದು ಮೂರು ತಿಂಗಳು ಒಣಗಲಿಲ್ಲ, ಆದರೆ ನಾತ. ಕೊನೆಗೆ ನಿಂತದ್ದು ಒಂದೂವರೆ ಅಡಿ ಚೌಕದ ಮರದ ಪೆಟ್ಟಿಗೆ, ಆಳ ಅರ್ಧ ಅಡಿ, ಒಳಗೆ ಹಳೆಯ ಜೀನ್ಸ್ ಬಟ್ಟೆ ಒತ್ತಿ ತುಂಬಿದ್ದು, ಹಿಂದೆ 3 ಮಿ.ಮೀ. ತಗಡು ಕೆಳಮುಖ ಓರೆಯಾಗಿ. ಒಟ್ಟು 900 ರೂಪಾಯಿ. ಪೆಲೆಟ್ ಎರಡು ಇಂಚಿನಲ್ಲೇ ನಿಲ್ಲುತ್ತೆ, ಸದ್ದೂ ಇಲ್ಲ. ಮಳೆಯಲ್ಲಿ ಮಾತ್ರ ಒಳಗೆ ತನ್ನಿ. ಬಟ್ಟೆ ಬಿಚ್ಚಿ ಸೀಸ ತೆಗೆದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ವೇಗ ಅಳೆಯಲು ಯಂತ್ರ ಕೊಳ್ಳಬೇಡಿ. ಮೊಬೈಲನ್ನು ಸರಿಯಾಗಿ ಐದು ಮೀಟರಿನಲ್ಲಿಟ್ಟು ರೆಕಾರ್ಡ್ ಮಾಡಿ, ಬಟ್ಟೆಯ ಮುಂದೆ ತೆಳು ಡಬ್ಬಿ ಮುಚ್ಚಳ ಕಟ್ಟಿ. ಹೊಡೆದ ಸದ್ದೂ ತಗುಲಿದ ಸದ್ದೂ ಸಮದೂರ ಬರುವುದರಿಂದ ನಡುವಿನ ಅಂತರವೇ ಹಾರಿದ ಸಮಯ. ನನ್ನದು 57 ಮಿಲಿಸೆಕೆಂಡ್, ಅಂದರೆ ಸರಾಸರಿ 175 ಮೀಟರ್. ಅದರಿಂದಲೇ ಎಂಟು ಜೂಲ್ ಅಂದದ್ದು. ಹಳೆಯದು ಹೆವಿ ಸ್ಪ್ರಿಂಗಿಗೆ 60ರಿಂದ 56ಕ್ಕೆ ಇಳಿದಿತ್ತು.

ಕೊಡಗಿನ ಕೈಲ್ ಪೊಳ್ದ್ ಹಬ್ಬದ ಸುತ್ತಿನ ಸ್ಪರ್ಧೆಗಳಲ್ಲಿ ಕೋವಿಯವರಿಗೆ ಗುರಿಯಾಗಿ ತೆಂಗಿನಕಾಯಿ ಕಟ್ಟಿದರೆ ಏರ್‌ಗನ್ನಿನವರಿಗೆ ಕೋಳಿಮೊಟ್ಟೆ ಇಡುತ್ತಾರೆ. ಯಾಕೆ ಅಂತ ನೋಡಲು ಹಿತ್ತಲಲ್ಲಿ ಸುಲಿದ ಕಾಯಿಗೆ ಹೊಡೆದರೆ ಚಿಪ್ಪಿನ ಮೇಲೆ ಬೂದಿ ಬಣ್ಣದ ಚುಕ್ಕೆ, ಪೆಲೆಟ್ ಎಲ್ಲಿಗೋ ಚಿಮ್ಮಿ ಮಾಯ. ಇನ್ನೊಮ್ಮೆ ಮಾಡಲ್ಲ. ಮಂಗ, ಹಕ್ಕಿಗೆ ಬೇಕು ಅಂತ ಕೇಳುವವರಿಗೆ ಈ ಬರಹ ಅಲ್ಲ. 1972ರ ವನ್ಯಜೀವಿ ಕಾಯ್ದೆ ಒಂದು ಕಡೆ, ಎಂಟು ಜೂಲಿಗೆ ಪ್ರಾಣಿ ಸಾಯದೆ ನರಳುವುದು ಇನ್ನೊಂದು ಕಡೆ.

ರೈಫಲ್, ಪೆಲೆಟ್, ಪೆಟ್ಟಿಗೆ, ತಕ್ಕಡಿ ಸೇರಿ ಹದಿನೈದು ಸಾವಿರ ಚಿಲ್ಲರೆ. ಈಗ ನಾಲ್ಕು ಸಾವಿರ ಶಾಟ್ ದಾಟಿದೆ, ಸ್ಪ್ರಿಂಗ್ ಸ್ವಲ್ಪ ಝಣ್ ಅನ್ನತೊಡಗಿದೆ. ಅದೇ ಅಳತೆಯ ಸ್ಪ್ರಿಂಗೂ ಸೀಲೂ ಒಂದು ಜೊತೆ ತೆಗೆದಿಟ್ಟಿದ್ದೇನೆ. ಹೆವಿ ಅಲ್ಲ.