ನಮ್ಮೂರ ನಾಟಕ ಮಂಡಳಿಯ ಚರಿತ್ರೆ ಬರೆದ ನನ್ನ ಅನುಭವ

ಮಂಡ್ಯ ಜಿಲ್ಲೆಯ ನಮ್ಮ ಊರಿನಲ್ಲಿ ಹಬ್ಬದ ನಾಟಕ ಆಡುವವರು ಬೇಸಾಯಗಾರರು, ಶಾಲೆಯ ಮೇಷ್ಟ್ರುಗಳು, ಆಲೆಮನೆಯಲ್ಲಿ ದುಡಿಯುವವರು; ನಾಟಕದಿಂದ ಹೊಟ್ಟೆ ಹೊರೆದವರು ಯಾರೂ ಇಲ್ಲ. ಈ ಹವ್ಯಾಸಿ ಮಂಡಳಿಯ ಚರಿತ್ರೆಯನ್ನು ಬರೆದುಕೊಡು ಎಂದು ಹಿರಿಯರು ಕೇಳಿದಾಗ, ಸಾತ್ಯಕಿಯಿಂದ ಹಿಡಿದು ಕರ್ಣನವರೆಗೆ ಮೂವತ್ತು ವರ್ಷ ಬಣ್ಣ ಹಚ್ಚಿದ್ದ ನನಗೆ ಅದು ಎರಡು ತಿಂಗಳ ಕೆಲಸವೆಂದು ತೋರಿತ್ತು. ಮೂರು ವರ್ಷ ಹಿಡಿಯಿತು.

ಮೊದಲು ಕೈಗೆ ಸಿಕ್ಕಿದ್ದು ಕರಪತ್ರಗಳು. ದೇವರ ಪಟದ ಹಿಂದೆ, ಪೆಟ್ಟಿಗೆಯ ತಳದಲ್ಲಿ ಹಾಸಿ ಉಳಿದಿದ್ದ ಅವುಗಳಲ್ಲಿ ಪಾತ್ರಧಾರಿಗಳ ಹೆಸರು ದಪ್ಪಕ್ಷರದಲ್ಲಿದ್ದರೂ ಇಸವಿ ಎಷ್ಟೋ ಕಡೆ ಇರಲಿಲ್ಲ. 'ಮೈಸೂರು ಜಿಲ್ಲೆ' ಎಂದಿದ್ದರೆ 1939ಕ್ಕಿಂತ ಹಿಂದಿನದು, ಏಕೆಂದರೆ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಆ ವರ್ಷ. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದಿನದು. ಟಿಕೆಟ್ಟಿನ ದರವನ್ನು ರೂಪಾಯಿ-ಆಣೆ-ಪೈ ಲೆಕ್ಕದಲ್ಲಿ 0-4-0, ಅಂದರೆ ನಾಲ್ಕಾಣೆ, ಎಂದು ಅಚ್ಚು ಹಾಕಿದ್ದರೆ, ನಯಾ ಪೈಸೆ ಬಂದ 1957ಕ್ಕೆ ಮೊದಲಿನದೆಂದು ಹೇಳಬಹುದಿತ್ತು. ಒಂದು ಕಡೆ ಎಡವಿದೆ. 'ರಾಕ್ಷಸ ಸಂವತ್ಸರದ ಫಾಲ್ಗುಣ ಶುದ್ಧ, ಶನಿವಾರ' ಎಂದಿದ್ದ ಕರಪತ್ರಕ್ಕೆ 1975 ಎಂದು ಬರೆದುಬಿಟ್ಟಿದ್ದೆ. ಆ ಸಂವತ್ಸರ 1975ರ ಯುಗಾದಿಗೆ ಆರಂಭವಾಗುವುದು ನಿಜವಾದರೂ ಫಾಲ್ಗುಣವು ಅದರ ಕೊನೆಯ ಮಾಸವಾದ್ದರಿಂದ ನಾಟಕ ನಡೆದದ್ದು 1976ರ ಮಾರ್ಚ್‌ನಲ್ಲಿ. ಹಳೆಯ ಪಂಚಾಂಗವನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕಬಾರದು.

ಕರಪತ್ರಕ್ಕಿಂತ ಹೆಚ್ಚು ಮಾತಾಡಿದ್ದು ಲೆಕ್ಕದ ಪುಸ್ತಕ. ನಮ್ಮ ಸೀಮೆಯಲ್ಲಿ ಪಾತ್ರಧಾರಿಯೇ ಹಣ ಕೊಟ್ಟು ಪಾತ್ರ ಪಡೆಯುವ ರೂಢಿಯುಂಟು. ಕುರುಕ್ಷೇತ್ರ ನಾಟಕದಲ್ಲಿ ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು, ದ್ವಾರಪಾಲಕನಿಗೆ ಕಡಿಮೆ. ಹಾಗೆ ಕೂಡಿದ ಹಣ ನಾಟಕದ ಮೇಷ್ಟ್ರಿಗೆ, ಸೀನರಿಯ ಬಾಡಿಗೆಗೆ, ಗ್ಯಾಸ್ ಲೈಟಿಗೆ, ಪಟ್ಟಣದಿಂದ ಕರೆಸಿದ ಸ್ತ್ರೀಪಾತ್ರದ ಕಲಾವಿದೆಯರಿಗೆ ಹೋಗುತ್ತಿತ್ತು. ಯಾರು ಎಷ್ಟು ಕೊಟ್ಟರು, ಯಾರದು ಬಾಕಿ ಉಳಿಯಿತು ಎಂಬುದನ್ನು ಓದುತ್ತ ಹೋದಂತೆ, ಕಬ್ಬಿನ ಬೆಲೆ ಕುಸಿದ ವರ್ಷ ಯಾವುದೆಂದು ಕೂಡ ತಿಳಿಯುತ್ತಿತ್ತು. ಸಾರಲು ತಮಟೆ ಬಡಿದವನ ಕೂಲಿಯೂ ಅಲ್ಲಿತ್ತು, ಆದರೆ ಹೆಸರಿರಲಿಲ್ಲ. ಅವನ ಕೇರಿಯವರಿಗೆ ಬಹುಕಾಲ ರಂಗ ಹತ್ತಲು ಅವಕಾಶವಿರಲಿಲ್ಲವೆಂಬುದನ್ನು ಮರೆಮಾಚದೆ ಬರೆಯಬೇಕೆಂದು ನಾನು ಪಟ್ಟುಹಿಡಿದೆ.

ಹಿರಿಯ ನಟರನ್ನು ಮಾತಾಡಿಸುವ ಬಗೆ ತಡವಾಗಿ ತಿಳಿಯಿತು. "ಗೌಡ್ರೇ, ಅದು ಯಾವ ಇಸವಿ?" ಎಂದರೆ, "ಇಸ್ವಿ ಯಾರಿಗ್ ಗೊತ್ತಪ್ಪ" ಎಂದು ಸುಮ್ಮನಾಗುತ್ತಿದ್ದರು. ಮುಂದಿನ ಸಲ ಹಾರ್ಮೋನಿಯಂ ಹೊತ್ತುಕೊಂಡು ಹೋದೆ. ಎಂಬತ್ತು ದಾಟಿದ ದುರ್ಯೋಧನ ಪಾತ್ರಧಾರಿ ಜಗಲಿಯ ಕಂಬಕ್ಕೆ ಒರಗಿ, ಶ್ರುತಿ ಇಳಿಸಲು ಕೈಸನ್ನೆ ಮಾಡಿ, ಕಂದಪದ್ಯವೊಂದನ್ನು ಎತ್ತಿಕೊಂಡರು. ಪದ್ಯ ಮುಗಿದ ಕೂಡಲೇ ಆಗ ಎದುರಿಗೆ ನಿಂತಿದ್ದ ಭೀಮ ಯಾರು, ಪರದೆ ಎಳೆದವರು ಯಾರು, ಹಗ್ಗ ಸಿಕ್ಕಿಕೊಂಡದ್ದು ಯಾವಾಗ ಎಂಬುದೆಲ್ಲ ಒಂದರ ಹಿಂದೊಂದು ಬಂದವು. ಪ್ರತಿ ನಟನಿಗೂ ತನ್ನ ಮಾತು ಮತ್ತು ಅದರ ಹಿಂದಿನ ಎದುರು ಪಾತ್ರದ ಕೊನೆಯ ನುಡಿ ಮಾತ್ರ ಬರೆದುಕೊಟ್ಟು ಕಲಿಸುತ್ತಿದ್ದುದರಿಂದ, ನೆನಪೂ ಹಾಗೆಯೇ ಕೊಂಡಿಗೆ ಕೊಂಡಿ ಹಾಕಿಕೊಂಡು ಕೂತಿತ್ತು.

ಕೊನೆಗೆ, ಒಂಬತ್ತು ವರ್ಷ ನಮ್ಮೂರಿನ ದ್ರೌಪದಿಯಾಗಿದ್ದ ಕಲಾವಿದೆಯನ್ನು ಮೈಸೂರಿನಲ್ಲಿ ಹುಡುಕಿಕೊಂಡು ಹೋದೆ. ಚರಿತ್ರೆಗೆಂದು ಅವರನ್ನು ಕೇಳಬೇಕೆಂದು ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವರು ನನ್ನ ಪಟ್ಟಿಯ ಎರಡು ತಪ್ಪುಗಳನ್ನು ತಿದ್ದಿ, "ಒಂದು ವರ್ಷ ಮಳೆ ಬಂದು ನಾಟಕ ಅರ್ಧಕ್ಕೆ ನಿಂತಿತು, ಮಾರನೆಯ ರಾತ್ರಿ ಮತ್ತೆ ಮೊದಲಿಂದ ಆಡಿದೆವು. ಆ ಎರಡನೇ ರಾತ್ರಿಗೆ ನನಗೆ ದುಡ್ಡು ಕೊಡಲಿಲ್ಲ ಕಣಪ್ಪ" ಎಂದರು. ಊರಿಗೆ ಬಂದು ಲೆಕ್ಕದ ಪುಸ್ತಕ ತೆರೆದು ನೋಡಿದರೆ ಅವರ ಹೆಸರಿನ ಮುಂದೆ ಒಂದೇ ರಾತ್ರಿಯ ಸಂಭಾವನೆ ಇತ್ತು. ಅದನ್ನೂ ಆ ವರ್ಷದ ನಾಟಕದ ವಿವರದ ಕೆಳಗೆ ಸೇರಿಸಿದ್ದೇನೆ.